ಝಿಲ್ಲೋ ತಾನೇ ಹೇಳಿದ ಬೆಲೆಗೆ ಮನೆ ಕೊಳ್ಳಲು ಹೊರಟಾಗ

2021ರ ನವೆಂಬರ್ 2ರಂದು ಅಮೆರಿಕದ ಝಿಲ್ಲೋ ಕಂಪನಿ ತನ್ನ ಮನೆ ಖರೀದಿ ವ್ಯವಹಾರವನ್ನು ಮುಚ್ಚುವುದಾಗಿ ಹೇಳಿತು. ಸಿಬ್ಬಂದಿಯಲ್ಲಿ ಕಾಲು ಭಾಗ, ಅಂದರೆ ಹೆಚ್ಚುಕಡಿಮೆ 2,000 ಜನ, ಕೆಲಸ ಕಳೆದುಕೊಳ್ಳುವವರಿದ್ದರು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕದಲ್ಲಿ, ಕೈಯಲ್ಲಿದ್ದ ಮನೆಗಳ ಬೆಲೆಯನ್ನು 30.4 ಕೋಟಿ ಡಾಲರ್‌ನಷ್ಟು ತಗ್ಗಿಸಿ ಬರೆಯಬೇಕಾಗಿ ಬಂತು. ಮರುದಿನ ಷೇರಿನ ಬೆಲೆ ಶೇ. 25ರಷ್ಟು ಬಿತ್ತು.

ವ್ಯಾಪಾರ ಅಂದಮೇಲೆ ನಷ್ಟ ಇದ್ದದ್ದೇ. ಆದರೆ ಝಿಲ್ಲೋದ ಕಸುಬೇ ಮನೆಗಳ ಬೆಲೆ ಹೇಳುವುದು. ಹದಿನೈದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿತ್ತು. ಅಮೆರಿಕದ ಮನೆಗಳ ಬಗ್ಗೆ ಇದಕ್ಕಿಂತ ಜಾಸ್ತಿ ಮಾಹಿತಿ ಇಟ್ಟುಕೊಂಡವರು ಸಿಗುವುದು ಕಷ್ಟ. ಅಂಥವರೇ ಮನೆಗಳಿಗೆ ಜಾಸ್ತಿ ಕೊಟ್ಟು ಸಿಕ್ಕಿಬಿದ್ದರು. ಆನ್‌ಲೈನ್ ಬೆಲೆ ಅಂದಾಜನ್ನು ಎಷ್ಟು ನಂಬಬಹುದು ಅನ್ನುವ ಪ್ರಶ್ನೆಯನ್ನು ಇಷ್ಟು ದುಡ್ಡು ಸುರಿದು ಪರೀಕ್ಷೆ ಮಾಡಿದವರು ಅಪರೂಪ. ಅದಕ್ಕೇ ಈ ಪ್ರಕರಣವನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಅಂದಾಜು ಹುಟ್ಟುವುದು ಹೇಗೆ

ರಿಚ್ ಬಾರ್ಟನ್ ಮತ್ತು ಲಾಯ್ಡ್ ಫ್ರಿಂಕ್ ಇಬ್ಬರೂ ಮೈಕ್ರೋಸಾಫ್ಟ್‌ನಲ್ಲಿದ್ದವರು. ಸಿಯಾಟಲ್‌ನಲ್ಲಿ ಝಿಲ್ಲೋ ಕಟ್ಟಿದರು. 2006ರ ಫೆಬ್ರವರಿಯಲ್ಲಿ ವೆಬ್‌ಸೈಟ್ ಶುರುವಾಯಿತು. ಅದರ ದೊಡ್ಡ ಆಕರ್ಷಣೆ ‘ಝೆಸ್ಟಿಮೇಟ್’. ಯಾವ ಮನೆಯ ವಿಳಾಸ ಹಾಕಿದರೂ ಅದರ ಬೆಲೆ ಇಷ್ಟಿರಬಹುದು ಅಂತ ತೋರಿಸುತ್ತಿತ್ತು. ಜನ ಮುಗಿಬಿದ್ದರು. ತಮ್ಮ ಮನೆ ನೋಡಿಕೊಂಡರು, ಪಕ್ಕದ ಮನೆ ನೋಡಿದರು, ಆಫೀಸಿನ ಬಾಸ್ ಮನೆಯನ್ನೂ ನೋಡಿದರು. ಸುಮ್ನೆ ಕುತೂಹಲ, ಅಷ್ಟೆ. ಆಗ ಆ ಸಂಖ್ಯೆಯ ಮೇಲೆ ಯಾರೂ ದುಡ್ಡು ಕಟ್ಟಿರಲಿಲ್ಲ.

ಲೆಕ್ಕದ ಒಳಗೆ ಮಾಯ ಮಂತ್ರ ಏನಿಲ್ಲ. ತೆರಿಗೆ ದಾಖಲೆ, ಹಳೆಯ ಮಾರಾಟದ ದಾಖಲೆ, ಮನೆಯ ವಿಸ್ತೀರ್ಣ, ಎಷ್ಟು ಕೋಣೆ, ಎಷ್ಟು ಬಚ್ಚಲು, ಕಟ್ಟಿದ ವರ್ಷ, ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳು. ಇವನ್ನೆಲ್ಲ ಕಂಪ್ಯೂಟರ್ ಒಟ್ಟಿಗೆ ಇಟ್ಟು ತೂಗುತ್ತದೆ. 2019ರಿಂದ ಮನೆಯ ಫೋಟೋಗಳನ್ನೂ ಓದತೊಡಗಿತು. ಅಡುಗೆಮನೆ ಕಟ್ಟೆಗೆ ಯಾವ ಕಲ್ಲು ಹಾಕಿದ್ದಾರೆ ಅನ್ನುವುದನ್ನೂ ಗುರುತಿಸಲು ನೋಡಿತು.

ದಾಖಲೆ ಇರುವ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಒಂದೇ ನಕ್ಷೆಯ ಮನೆಗಳು ಸಾಲಾಗಿ ನಿಂತಿರುವ ಹೊಸ ಬಡಾವಣೆಯಲ್ಲಿ ಅಂದಾಜು ಹತ್ತಿರಕ್ಕೆ ಬರುತ್ತದೆ. ನೂರು ವರ್ಷದ ಹಳೆಯ ಮನೆಗಳು, ಒಂದರಂತೆ ಇನ್ನೊಂದಿಲ್ಲದ ಬೀದಿಗಳು, ವರ್ಷಕ್ಕೆ ಒಂದೋ ಎರಡೋ ಮಾರಾಟ ನಡೆಯುವ ಊರುಗಳು, ಇಲ್ಲೆಲ್ಲ ತಡವರಿಸುತ್ತದೆ. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅನ್ನುವುದನ್ನು ಸರ್ಕಾರಿ ದಾಖಲೆಯಲ್ಲಿ ಬರೆಸಲೇಬೇಕು ಅಂತಿಲ್ಲ. ಅಲ್ಲಿ ಬೇರೆ ಮೂಲ ಹುಡುಕಬೇಕು.

ಮೊದಲ ವರ್ಷ ಝೆಸ್ಟಿಮೇಟ್‌ನ ತಪ್ಪು ಸುಮಾರು ಶೇ. 14 ಇತ್ತು. ಆಮೇಲೆ ಇಳಿಯುತ್ತಾ ಬಂತು. 2017ರಲ್ಲಿ ಕಂಪನಿ 10 ಲಕ್ಷ ಡಾಲರ್ ಬಹುಮಾನ ಇಟ್ಟು, ನಮ್ಮ ಲೆಕ್ಕವನ್ನು ಸೋಲಿಸಿ ಅಂತ ಜಗತ್ತಿನ ಡೇಟಾ ಪಂಡಿತರಿಗೆ ಸವಾಲು ಹಾಕಿತು. ಸಾವಿರಾರು ತಂಡಗಳು ಇಳಿದವು. 2019ರ ಜನವರಿಯಲ್ಲಿ ಮೂರು ಜನರ ಒಂದು ತಂಡ ಗೆದ್ದಿತು.

ಶೇ. 7 ಅಂದರೆ ಏನು, ಶೇ. 2 ಅಂದರೆ ಏನು

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಕರಣದ ಬೀಜ ಇರುವುದು ಇಲ್ಲೇ.

ಝಿಲ್ಲೋ ಹೇಳುವ ತಪ್ಪಿನ ಪ್ರಮಾಣ ಸರಾಸರಿ ಅಲ್ಲ, ಮೀಡಿಯನ್. ಎಲ್ಲ ಮನೆಗಳ ತಪ್ಪನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಸಿಗುವುದು ಅದು. ಮೀಡಿಯನ್ ತಪ್ಪು ಶೇ. 7 ಅಂದರೆ, ಅರ್ಧ ಮನೆಗಳ ಅಂದಾಜು ಮಾರಾಟದ ಬೆಲೆಗೆ ಶೇ. 7ರ ಒಳಗೆ ಇದೆ. ಉಳಿದರ್ಧ ಮನೆಗಳದ್ದು ಅದಕ್ಕಿಂತ ದೂರ. ಎಷ್ಟು ದೂರ? ಆ ಸಂಖ್ಯೆ ಅದನ್ನು ಹೇಳುವುದೇ ಇಲ್ಲ. ಶೇ. 10 ಇರಬಹುದು, ಶೇ. 60 ಕೂಡ ಇರಬಹುದು.

ಶೇ. 60 ಎಲ್ಲಿ ಆಗುತ್ತದೆ ಬಿಡಿ ಅನ್ನಬೇಡಿ. 2016ರ ಫೆಬ್ರವರಿ ಕೊನೆಯಲ್ಲಿ ಆಗಿನ ಝಿಲ್ಲೋ ಸಿಇಒ ಸ್ಪೆನ್ಸರ್ ರಾಸ್ಕಾಫ್ ಸಿಯಾಟಲ್‌ನ ತಮ್ಮ ಮನೆಯನ್ನು 10.5 ಲಕ್ಷ ಡಾಲರ್‌ಗೆ ಮಾರಿದರು. ಮರುದಿನ ಅದೇ ಮನೆಗೆ ಅವರದೇ ಕಂಪನಿಯ ಝೆಸ್ಟಿಮೇಟ್ ಸುಮಾರು 17.5 ಲಕ್ಷ ಡಾಲರ್ ತೋರಿಸುತ್ತಿತ್ತು! ಅಂದಾಜಿಗಿಂತ ಶೇ. 40 ಕಡಿಮೆಗೆ ಮನೆ ಹೋಯಿತು ಅಂತ ಪತ್ರಿಕೆಗಳು ಬರೆದವು. ಆದರೆ ಝಿಲ್ಲೋ ತನ್ನ ತಪ್ಪನ್ನು ಅಳೆಯುವುದು ಮಾರಾಟದ ಬೆಲೆಯ ಮೇಲೆ. ಹಾಗೆ ಅಳೆದರೆ ತಪ್ಪು ಶೇ. 67ರ ಹತ್ತಿರ. ದೇಶದ ಮೀಡಿಯನ್ ಆಗ ಶೇ. 8ರ ಆಸುಪಾಸಿನಲ್ಲಿತ್ತು. ಎರಡೂ ಏಕಕಾಲಕ್ಕೆ ನಿಜ. ಅದೇ ಮೀಡಿಯನ್‌ನ ಗುಣ.

ಎರಡನೆಯ ವಿಷಯ ಇನ್ನೂ ಸೂಕ್ಷ್ಮ. 2021ರ ಜೂನ್‌ನಲ್ಲಿ ಝಿಲ್ಲೋ ತನ್ನ ಲೆಕ್ಕದ ವಿಧಾನವನ್ನು ಹೊಸದಾಗಿ ಕಟ್ಟಿತು. ಆಗ ಎರಡು ಸಂಖ್ಯೆ ಕೊಟ್ಟಿತು. ಮಾರಾಟಕ್ಕೆ ಇಡದ ಮನೆಗಳಲ್ಲಿ ತಪ್ಪು ಶೇ. 6.9. ಮಾರಾಟಕ್ಕೆ ಇಟ್ಟ ಮನೆಗಳಲ್ಲಿ ಶೇ. 2ರ ಹತ್ತಿರ. ಬೋರ್ಡ್ ಹಾಕಿದ ತಕ್ಷಣ ಕಂಪ್ಯೂಟರ್ ಮೂರು ಪಟ್ಟು ಜಾಣ ಆಗಿಬಿಡುತ್ತಾ? ಇಲ್ಲ. ಮಾರುವವರು ಕೇಳುತ್ತಿರುವ ಬೆಲೆ ಅದಕ್ಕೆ ಗೊತ್ತಾಗಿರುತ್ತದೆ, ಅಷ್ಟೇ. ಮನೆಯನ್ನು ಒಳಗೆಲ್ಲ ಓಡಾಡಿ ನೋಡಿದ ಬ್ರೋಕರ್ ಒಬ್ಬರು, ಮಾಲೀಕರ ಜೊತೆ ಕೂತು, ಒಂದು ಬೆಲೆ ನಿಗದಿ ಮಾಡಿರುತ್ತಾರೆ. ಕಂಪ್ಯೂಟರ್ ಆ ಬೆಲೆಯ ಕಡೆಗೆ ತನ್ನ ಅಂದಾಜನ್ನು ಸರಿಸುತ್ತದೆ. ಶೇ. 2 ಅನ್ನುವ ಆ ಸಾಧನೆಯಲ್ಲಿ ದೊಡ್ಡ ಪಾಲು ಮನುಷ್ಯರದ್ದು.

ಜಾಹೀರಾತಿನಲ್ಲಿ ಹೇಳಿಕೊಳ್ಳಲು ಶೇ. 2 ಚೆನ್ನಾಗಿದೆ. ಆದರೆ ನಿಮಗೆ ಅಂದಾಜು ನಿಜಕ್ಕೂ ಬೇಕಾಗಿರುವುದು ಯಾವಾಗ? ಮನೆಯನ್ನು ಮಾರಾಟಕ್ಕೆ ಇಡುವ ಮೊದಲು ಅಲ್ವಾ? ಆಗ ಅನ್ವಯಿಸುವುದು ಶೇ. 7.

ಹೇಳುವುದರಿಂದ ಕೊಳ್ಳುವುದಕ್ಕೆ

2018ರ ಏಪ್ರಿಲ್‌ನಲ್ಲಿ ಝಿಲ್ಲೋ ಮೊದಲ ಬಾರಿಗೆ ತಾನೇ ಮನೆ ಕೊಳ್ಳುವ ಯೋಜನೆ ಪ್ರಕಟಿಸಿತು. ಹೆಸರು ಝಿಲ್ಲೋ ಆಫರ್ಸ್. ಫೀನಿಕ್ಸ್ ಮತ್ತು ಲಾಸ್ ವೇಗಸ್‌ನಲ್ಲಿ ಆರಂಭ. ಮಾಲೀಕರು ಆನ್‌ಲೈನ್‌ನಲ್ಲಿ ವಿವರ ಕೊಡಬೇಕು. ಕಂಪನಿ ಒಂದು ಬೆಲೆ ಹೇಳುತ್ತದೆ. ಒಪ್ಪಿದರೆ ಒಬ್ಬರು ಬಂದು ಮನೆ ನೋಡಿ ಹೋಗುತ್ತಾರೆ. ಆಮೇಲೆ ನಗದು ಕೊಟ್ಟು ಕೊಳ್ಳುತ್ತದೆ. ಬಣ್ಣ ಬಳಿಸಿ, ಸಣ್ಣಪುಟ್ಟ ರಿಪೇರಿ ಮಾಡಿಸಿ, ಕೆಲವು ತಿಂಗಳಲ್ಲಿ ಮಾರುತ್ತದೆ. ಮಾಲೀಕರಿಗೆ ಬ್ರೋಕರ್ ಕಾಟ ಇಲ್ಲ, ಭಾನುವಾರವೆಲ್ಲ ಮನೆ ನೋಡಲು ಬರುವ ಜನರ ಕಾಟ ಇಲ್ಲ.

ಬೆಲೆ ಏರಿ ದುಡ್ಡು ಮಾಡುವುದು ಮೂಲ ಉದ್ದೇಶ ಆಗಿರಲಿಲ್ಲ. ಮನೆಗಳ ಮೇಲೆ ಹೆಚ್ಚುಕಡಿಮೆ ಅಸಲಿಗೆ ಅಸಲು, ಶೇ. 2 ಆ ಕಡೆ ಅಥವಾ ಶೇ. 2 ಈ ಕಡೆ, ಅನ್ನುವುದು ಗುರಿ. ಲಾಭವನ್ನು ಸಾಲ ಮತ್ತಿತರ ಸೇವೆಗಳಿಂದ ತೆಗೆಯುವ ಲೆಕ್ಕಾಚಾರ. 2019ರ ಫೆಬ್ರವರಿಯಲ್ಲಿ ಬಾರ್ಟನ್ ಮತ್ತೆ ಸಿಇಒ ಆದರು. ಮೂರರಿಂದ ಐದು ವರ್ಷದಲ್ಲಿ ತಿಂಗಳಿಗೆ 5,000 ಮನೆ ಕೊಂಡು, ವರ್ಷಕ್ಕೆ 2,000 ಕೋಟಿ ಡಾಲರ್ ವಹಿವಾಟು ಮಾಡುತ್ತೇವೆ ಅಂದರು.

ಶೇ. 2ರ ಅಂಚಿನ ಮೇಲೆ ನಿಂತ ವ್ಯಾಪಾರ. ಹೊರಗೆ ತೋರಿಸುವ ಅಂದಾಜಿನಲ್ಲೇ ಶೇ. 7ರ ತಪ್ಪು. ಖರೀದಿಗೆ ಒಳಗಿನ ಬೇರೆ ಲೆಕ್ಕಗಳೂ ಇದ್ದವು, ಬೆಲೆ ಪರಿಶೀಲಿಸುವ ನೌಕರರೂ ಇದ್ದರು ಅನ್ನುವುದು ನಿಜ. ಆದರೂ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟಾಗಲೇ ಯಾರಿಗಾದರೂ ಎದೆ ಧಸಕ್ ಅನ್ನಬೇಕಿತ್ತು.

ಅಷ್ಟಾದರೂ 2021ರ ಫೆಬ್ರವರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಇಟ್ಟರು. ಇಪ್ಪತ್ತಕ್ಕೂ ಹೆಚ್ಚು ನಗರ ಪ್ರದೇಶಗಳ ಸುಮಾರು 9 ಲಕ್ಷ ಮನೆಗಳಿಗೆ, ತೆರೆಯ ಮೇಲೆ ಕಾಣುವ ಝೆಸ್ಟಿಮೇಟೇ ನಮ್ಮ ಮೊದಲ ನಗದು ಬೆಲೆ ಅಂತ ಘೋಷಿಸಿದರು. ಕುತೂಹಲಕ್ಕೆ ನೋಡುವ ಸಂಖ್ಯೆ ಈಗ ವ್ಯಾಪಾರದ ಮಾತಾಯಿತು.

ಯಾರು ‘ಆಯ್ತು’ ಅನ್ನುತ್ತಾರೆ

ಅಂದಾಜು ಕೆಲವೊಮ್ಮೆ ಮೇಲೆ ಹೋಗುತ್ತದೆ, ಕೆಲವೊಮ್ಮೆ ಕೆಳಗೆ ಬರುತ್ತದೆ, ಸಾವಿರಾರು ಮನೆ ಕೊಂಡಾಗ ಒಂದಕ್ಕೊಂದು ಸರಿಹೋಗುತ್ತದೆ. ಕೇಳಲು ತರ್ಕ ಸರಿಯಾಗಿಯೇ ಇದೆ. ವೆಬ್‌ಸೈಟ್‌ನಲ್ಲಿ ಸಂಖ್ಯೆ ತೋರಿಸುವಾಗ ಅದು ಸರಿಹೋಗುತ್ತದೆ ಕೂಡ. ಕೊಳ್ಳುವಾಗ ಹೋಗುವುದಿಲ್ಲ.

ಎರಡು ಮನೆ ಇಟ್ಟುಕೊಂಡು ನೋಡಿ. ದಾಖಲೆಯಲ್ಲಿ ಎರಡೂ ಒಂದೇ ಥರ. ಅದೇ ವಿಸ್ತೀರ್ಣ, ಅಷ್ಟೇ ಕೋಣೆ, ಅದೇ ಬೀದಿ. ಕಂಪ್ಯೂಟರ್ ಎರಡಕ್ಕೂ 4 ಲಕ್ಷ ಡಾಲರ್ ಹೇಳುತ್ತದೆ. ಮೊದಲನೆಯ ಮನೆಯ ಮಾಲೀಕರು ಹೋದ ವರ್ಷ ಚಾವಣಿ ಬದಲಿಸಿದ್ದಾರೆ, ಒಳ್ಳೆಯ ಬೆಳಕು, ಹಿಂದೆ ತೋಟ. ನಿಜವಾದ ಬೆಲೆ 4.28 ಲಕ್ಷ. ಎರಡನೆಯದರಲ್ಲಿ ನೆಲಮಾಳಿಗೆಗೆ ನೀರು ಜಿನುಗುತ್ತದೆ, ಪಕ್ಕದಲ್ಲಿ ರಾತ್ರಿಯೆಲ್ಲ ಗಲಾಟೆ. ನಿಜವಾದ ಬೆಲೆ 3.72 ಲಕ್ಷ. ಎರಡರಲ್ಲೂ ತಪ್ಪು 28,000 ಡಾಲರ್. ಒಂದು ಕಡಿಮೆ ಹೇಳಿದ ತಪ್ಪು, ಇನ್ನೊಂದು ಜಾಸ್ತಿ ಹೇಳಿದ ತಪ್ಪು. ಕೂಡಿಸಿದರೆ ಸೊನ್ನೆ. ಲೆಕ್ಕದವರಿಗೆ ಖುಷಿ.

ಈಗ ಇಬ್ಬರಿಗೂ 4 ಲಕ್ಷಕ್ಕೆ ಕೊಡ್ತೀರಾ ಅಂತ ಕೇಳಿ. ಮೊದಲನೆಯವರು ನಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ. ಎರಡನೆಯವರು ಎಲ್ಲಿ ಸೈನ್ ಮಾಡಲಿ ಅನ್ನುತ್ತಾರೆ. ಕಂಪನಿಯ ಕೈಗೆ ಬರುವುದು ಎರಡನೆಯ ಮನೆ ಮಾತ್ರ. ಸರಾಸರಿ ತಪ್ಪು ಸೊನ್ನೆಯೇ ಇದ್ದರೂ, ಕೊಂಡ ಮನೆಗಳ ಮೇಲೆ ನಷ್ಟ.

ಮನೆಯ ಹುಳುಕು ಅಲ್ಲಿ ಬದುಕಿದವರಿಗೆ ಗೊತ್ತು. ಕಂಪನಿಯಿಂದ ಒಬ್ಬರು ಬಂದು ನೋಡಿದಾಗ ಕೆಲವು ಸಿಕ್ಕಿಬೀಳುತ್ತವೆ. ರಾತ್ರಿಯ ಗಲಾಟೆ ಸಿಕ್ಕಿಬೀಳುವುದಿಲ್ಲ. ಹುಳುಕೇ ಇರಬೇಕು ಅಂತಲೂ ಇಲ್ಲ. ಪಕ್ಕದ ಬ್ರೋಕರ್ ಹತ್ತಿರ ಒಂದು ಮಾತು ಕೇಳಿ, ಅವರು 3.8 ಲಕ್ಷ ಅಂದಿದ್ದರೆ, 4 ಲಕ್ಷದ ಆಫರ್ ತಿನ್ನಲು ಸಿಕ್ಕ ಸಿಹಿಯೇ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಬೆಲೆ ಕೇಳಿದ ಗಂಭೀರ ಮಾರಾಟಗಾರರಲ್ಲಿ ಸುಮಾರು ಶೇ. 10ರಷ್ಟು ಜನ ಮಾತ್ರ ಒಪ್ಪಿದರು ಅಂತ ಕಂಪನಿಯೇ ಆಮೇಲೆ ಹೇಳಿತು. ಕಂಪನಿ ಇದನ್ನು ಗ್ರಾಹಕರಿಗೆ ನಿರಾಶೆ ಮಾಡಿದ ವಿಷಯ ಅನ್ನುವಂತೆ ಹೇಳಿತು. ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. ನೂರರಲ್ಲಿ ತೊಂಬತ್ತು ಜನ ಬೇಡ ಅಂದರು ಅಂದರೆ, ಒಪ್ಪಿದ ಹತ್ತು ಜನ ಯಾರು, ಯಾಕೆ ಒಪ್ಪಿದರು ಅನ್ನುವುದೇ ಕೇಳಬೇಕಾದ ಪ್ರಶ್ನೆ. ಕೆಲವರಿಗೆ ಅವಸರ ಇದ್ದಿರಬಹುದು, ಬೇರೆ ಊರಿಗೆ ಹೋಗಬೇಕಿದ್ದಿರಬಹುದು. ಅಂಥವರಿಂದ ಕಂಪನಿಗೆ ತೊಂದರೆ ಇಲ್ಲ. ಆದರೆ ಆಫರ್ ಜಾಸ್ತಿ ಆಗುತ್ತಾ ಹೋದಂತೆ ಗುಂಪಿನಲ್ಲಿ ಇನ್ನೊಂದು ಥರದವರು ತುಂಬಿಕೊಳ್ಳುತ್ತಾರೆ.

2021ರ ಬೇಸಿಗೆ

ಇಷ್ಟು ತೂತು ಇದ್ದರೂ ದೋಣಿ 2021ರ ಮಧ್ಯದವರೆಗೆ ಯಾಕೆ ಮುಳುಗಲಿಲ್ಲ? ಬೆಲೆ ಏರುತ್ತಿತ್ತು. ಆ ಬೇಸಿಗೆಯಲ್ಲಿ ಅಮೆರಿಕದ ಮನೆ ಬೆಲೆ ಒಂದು ವರ್ಷದಲ್ಲಿ ಶೇ. 20ರ ಹತ್ತಿರ ಏರಿತ್ತು. ಫೀನಿಕ್ಸ್‌ನಲ್ಲಿ ಶೇ. 30ಕ್ಕೂ ಜಾಸ್ತಿ. 28,000 ಡಾಲರ್ ಜಾಸ್ತಿ ಕೊಟ್ಟಿದ್ದರೂ ಮಾರುವಷ್ಟರಲ್ಲಿ ಏರಿಕೆ ಅದನ್ನು ನುಂಗಿಹಾಕುತ್ತಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ಕಂಪನಿ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಗಳಿಸಿತು. ಅಲ್ಲೂ ಅಂದಾಜು ತಪ್ಪೇ, ಆದರೆ ಲಾಭದ ಕಡೆಗಿನ ತಪ್ಪು. ಅಂಥ ತಪ್ಪಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ.

ಪ್ರತಿಸ್ಪರ್ಧಿ ಓಪನ್‌ಡೋರ್ ಇನ್ನೂ ವೇಗವಾಗಿ ಕೊಳ್ಳುತ್ತಿತ್ತು. ಹಿಂದೆ ಬೀಳಬಾರದು ಅಂತ ಝಿಲ್ಲೋ ಒಳಗೆ ‘ಪ್ರಾಜೆಕ್ಟ್ ಕೆಚಪ್’ ಅನ್ನುವ ಕಾರ್ಯಕ್ರಮ ನಡೆಯಿತು, ಲೆಕ್ಕ ಕೊಟ್ಟ ಬೆಲೆಯ ಮೇಲೆ ಇನ್ನಷ್ಟು ಸೇರಿಸಿ ಆಫರ್ ಕೊಡತೊಡಗಿದರು, ಬೆಲೆ ತಗ್ಗಿಸಲು ನೌಕರರಿಗಿದ್ದ ಸ್ವಾತಂತ್ರ್ಯಕ್ಕೆ ಕಡಿವಾಣ ಬಿತ್ತು ಅಂತ ಆಮೇಲೆ ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಖರೀದಿಯ ಸಂಖ್ಯೆ ಅದಕ್ಕೆ ತಾಳೆಯಾಗುತ್ತದೆ. ವರ್ಷದ ಮೊದಲ ಮೂರು ತಿಂಗಳಲ್ಲಿ 1,856 ಮನೆ. ನಂತರದ ಮೂರು ತಿಂಗಳಲ್ಲಿ 3,805. ಜುಲೈನಿಂದ ಸೆಪ್ಟೆಂಬರ್‌ವರೆಗೆ 9,680. ಆ ಕೊನೆಯ ಮೂರು ತಿಂಗಳಲ್ಲಿ ಮಾರಾಟವಾದದ್ದು ಕೇವಲ 3,032.

ಅಷ್ಟರಲ್ಲಿ ಬೆಲೆ ಏರಿಕೆಯ ವೇಗ ತಗ್ಗಿತು. ಬೆಲೆ ಬೀಳಲಿಲ್ಲ, ಗಮನಿಸಿ. ಏರುವುದು ನಿಧಾನವಾಯಿತು, ಅಷ್ಟೇ. ಇವತ್ತು ಈ ಮನೆ ಎಷ್ಟಕ್ಕೆ ಹೋಗುತ್ತದೆ ಅನ್ನುವುದು ಒಂದು ಪ್ರಶ್ನೆ. ಮೂರರಿಂದ ಆರು ತಿಂಗಳ ನಂತರ ಎಷ್ಟಕ್ಕೆ ಹೋಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಕೊಂಡು ಮಾರುವವರಿಗೆ ಎರಡನೆಯದರ ಉತ್ತರ ಬೇಕು. ಹಳೆಯ ಮಾರಾಟಗಳಿಂದ ಕಲಿತ ಲೆಕ್ಕ ಏರಿಕೆ ಹಾಗೇ ಮುಂದುವರಿಯುತ್ತದೆ ಅಂದುಕೊಂಡಿತ್ತು. ಜೊತೆಗೆ ಬಣ್ಣ ಬಳಿಯುವವರು, ಬಡಗಿಗಳು ಸಿಗದೆ ಮನೆಗಳು ರಿಪೇರಿಗೆ ಕಾಯುತ್ತಾ ಕೂತವು. ಕಾದಷ್ಟೂ ಬಡ್ಡಿ, ತೆರಿಗೆ.

ಅಕ್ಟೋಬರ್ ಮಧ್ಯದಲ್ಲಿ ಈ ವರ್ಷ ಇನ್ನು ಹೊಸ ಖರೀದಿ ಇಲ್ಲ ಅಂತ ಕಂಪನಿ ಹೇಳಿತು. ಕೊಟ್ಟ ಕಾರಣ ಕೆಲಸಗಾರರ ಕೊರತೆ. ಎರಡು ವಾರದಲ್ಲಿ ಬೇರೆ ಚಿತ್ರ ಹೊರಬಂತು. ಕೀಬ್ಯಾಂಕ್ ಅನ್ನುವ ಹಣಕಾಸು ಸಂಸ್ಥೆಯ ವಿಶ್ಲೇಷಕರು ಝಿಲ್ಲೋದ 650 ಮನೆಗಳನ್ನು ತೆಗೆದು ನೋಡಿದರು. ಮೂರರಲ್ಲಿ ಎರಡು ಪಾಲು ಮನೆಗಳನ್ನು ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಮಾರಾಟಕ್ಕೆ ಇಡಲಾಗಿತ್ತು. ಸುಮಾರು 7,000 ಮನೆಗಳನ್ನು 280 ಕೋಟಿ ಡಾಲರ್‌ಗೆ ದೊಡ್ಡ ಹೂಡಿಕೆದಾರರಿಗೆ ಮಾರಲು ಕಂಪನಿ ಓಡಾಡುತ್ತಿದೆ ಅನ್ನುವ ಸುದ್ದಿಯೂ ಬಂತು. ಮರುದಿನವೇ ಮುಚ್ಚುವ ಘೋಷಣೆ. ಮನೆ ಬೆಲೆಯನ್ನು ಮುಂಚಿತವಾಗಿ ಹೇಳುವುದು ನಾವು ಅಂದುಕೊಂಡಿದ್ದಕ್ಕಿಂತ ಬಹಳ ಅನಿಶ್ಚಿತ ಅನ್ನುವ ಅರ್ಥದಲ್ಲಿ ಬಾರ್ಟನ್ ಒಪ್ಪಿಕೊಂಡರು. 2021ರ ಇಡೀ ವರ್ಷದಲ್ಲಿ ಈ ವಿಭಾಗದ ನಷ್ಟ 88.1 ಕೋಟಿ ಡಾಲರ್.

ಹಾಗಾದರೆ ಓಪನ್‌ಡೋರ್ ಹೇಗೆ ಉಳಿಯಿತು? ಜುಲೈನಿಂದ ಸೆಪ್ಟೆಂಬರ್‌ವರೆಗಿನ ಆ ಮೂರು ತಿಂಗಳಲ್ಲಿ ಅದು ಇನ್ನೂ ಜಾಸ್ತಿ, 15,181 ಮನೆ ಕೊಂಡಿತ್ತು. ಆದರೂ ಆಗ ಪಾರಾಯಿತು. ಹಾಗಾಗಿ ಎಲ್ಲವನ್ನೂ ಮಾರುಕಟ್ಟೆಯ ತಲೆಗೆ ಕಟ್ಟುವುದು ಸರಿಯಲ್ಲ, ಝಿಲ್ಲೋದ ಅವಸರಕ್ಕೆ ಅದರದೇ ಪಾಲಿದೆ. ಹಾಗಂತ ಓಪನ್‌ಡೋರ್‌ಗೆ ಗುಟ್ಟು ಸಿಕ್ಕಿತ್ತು ಅಂತಲೂ ಅಲ್ಲ. 2022ರಲ್ಲಿ ಮನೆ ಸಾಲದ ಬಡ್ಡಿ ಶೇ. 3ರ ಆಸುಪಾಸಿನಿಂದ ಶೇ. 7ರ ಹತ್ತಿರ ಹೋಯಿತು. ಆ ವರ್ಷದ ಮೂರನೇ ತ್ರೈಮಾಸಿಕ ಒಂದರಲ್ಲೇ ಓಪನ್‌ಡೋರ್ 92.8 ಕೋಟಿ ಡಾಲರ್ ಕಳೆದುಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ರೆಡ್‌ಫಿನ್ ಅನ್ನುವ ಇನ್ನೊಂದು ಪ್ರತಿಸ್ಪರ್ಧಿ ಕಂಪನಿ ಕೂಡ ತನ್ನ ಮನೆ ಖರೀದಿ ವಿಭಾಗ ಮುಚ್ಚಿತು.

ಸಂಖ್ಯೆ ಈಗಲೂ ಇದೆ

ಝೆಸ್ಟಿಮೇಟ್ ಇವತ್ತೂ ಆ ವೆಬ್‌ಸೈಟ್‌ನಲ್ಲಿ ಇದೆ. ಇರಲಿ. ಒಂದು ಪ್ರದೇಶದಲ್ಲಿ ಬೆಲೆ ಯಾವ ಮಟ್ಟದಲ್ಲಿದೆ, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ತಿಳಿಯಲು ಅದು ಸಾಕು. ಅದನ್ನೇ ಹಿಡಿದು ಇಷ್ಟಕ್ಕೆ ಕೊಡ್ತೀನಿ, ಇಷ್ಟಕ್ಕೆ ತಗೋತೀನಿ ಅನ್ನುವಾಗ ಎದುರಿಗಿರುವವರಿಗೆ ನಿಮಗಿಂತ ಜಾಸ್ತಿ ಗೊತ್ತಿದೆಯಾ ಅಂತ ನೋಡಬೇಕು. ಕೊಳ್ಳುವವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಅಂದಾಜಿಗಿಂತ ಕಡಿಮೆಗೆ ಸಿಗುತ್ತಿರುವ ಮನೆ ಅಗ್ಗ ಅನಿಸಬಹುದು, ಆದರೆ ಕಂಪ್ಯೂಟರ್‌ಗೆ ಕಾಣದ್ದೇನೋ ಮಾರುವವರಿಗೆ ಕಂಡಿರಬಹುದು. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರ ವರದಿಯ ಜಾಗದಲ್ಲಿ ಇದನ್ನು ಇಡಲು ಆಗಲ್ಲ ಅಂತ ಝಿಲ್ಲೋ ತಾನೇ ಬರೆದುಕೊಂಡಿದೆ.

ದೊಡ್ಡ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದರ ಜೊತೆಗೆ ಇಷ್ಟರಿಂದ ಇಷ್ಟರವರೆಗೆ ಅನ್ನುವ ವ್ಯಾಪ್ತಿಯನ್ನೂ ಕೊಟ್ಟಿರುತ್ತಾರೆ. ಓದಬೇಕಾದದ್ದು ಅದನ್ನು. ವ್ಯಾಪ್ತಿ ಅಗಲ ಇದ್ದರೆ ತನಗೆ ಸರಿಯಾಗಿ ಗೊತ್ತಿಲ್ಲ ಅಂತ ಕಂಪ್ಯೂಟರೇ ಹೇಳುತ್ತಿದೆ. ಕೋಣೆಗಳ ಸಂಖ್ಯೆ, ವಿಸ್ತೀರ್ಣ ತಪ್ಪಾಗಿದ್ದರೆ ಮಾಲೀಕರು ತಿದ್ದಬಹುದು, ತಿದ್ದಿದರೆ ಅಂದಾಜು ಬದಲಾಗಲೂಬಹುದು. ಮನೆಯನ್ನು ಮಾರಾಟಕ್ಕೆ ಇಡುವವರು ಇನ್ನೊಂದು ಕೆಲಸ ಮಾಡಬಹುದು. ಇಡುವ ಹಿಂದಿನ ದಿನದ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಬೆಲೆ ಹಾಕಿದ ಕೆಲವು ದಿನಗಳ ನಂತರ ಮತ್ತೆ ನೋಡಿ. ಅದು ನೀವು ಕೇಳಿದ ಬೆಲೆಯ ಕಡೆಗೆ ಎಷ್ಟು ಸರಿದಿದೆಯೋ ಅಷ್ಟು ಭಾಗ ನಿಮ್ಮದೇ ಮಾತು.